ಹೆಬ್ಬಾತಿನ ಕೂಗಿನಂಥ ಕೆಮ್ಮು: ಒಂದು ಯಾರ್ಕ್‌ಷೈರ್ ಟೆರಿಯರ್‌ನ ಹತ್ತು ತಿಂಗಳು

ಆರು ವರ್ಷದ ಹೆಣ್ಣು ಯಾರ್ಕ್‌ಷೈರ್ ಟೆರಿಯರ್, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ, ಅಜ್ಜಿ ಸೇರಿ ನಾಲ್ಕು ಜನ. ದೂರು ಒಂದೇ: ವರ್ಷದಿಂದ ಬಿಟ್ಟು ಬಿಟ್ಟು ಬರುತ್ತಿದ್ದ ಕೆಮ್ಮು ಮಾರ್ಚ್ ಕೊನೆಗೆ ದಿನಕ್ಕೆ ಹದಿನೈದು ಸಲಕ್ಕೆ ಏರಿದೆ. "ಡಾಕ್ಟ್ರೇ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ಸತ್ತೆ, ಮೂಳೆಗೀಳೆ ಇದೆಯಾ ನೋಡಿ" ಎಂದೇ ಮನೆಯವರು ಪ್ರತಿ ಸಲವೂ ಹೇಳುತ್ತಿದ್ದರು. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಂದೇ ನಾಯಿಯ ಮೇಲಿಟ್ಟು ಬರೆದ ಮಾದರಿ ಪ್ರಕರಣ ಇದು. ಕಾಯಿಲೆ, ಶ್ವಾಸನಾಳದ ಕುಸಿತ.

ಹಿಂದಿನ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಕಥೆಯ ಅರ್ಧ ಅಲ್ಲೇ ಸಿಕ್ಕಿತು. ಮೂರು ಸಲವೂ ಗಂಟಲಿನ ಸೋಂಕು ಎಂದುಕೊಂಡು ಆ್ಯಂಟಿಬಯೋಟಿಕ್ ಜೊತೆಗೆ ಎರಡೆರಡು ವಾರ ಸ್ಟೀರಾಯ್ಡ್ ಕೊಡಲಾಗಿತ್ತು. ಪ್ರತಿ ಸಲವೂ ವಾರದೊಳಗೆ ಕೆಮ್ಮು ಅಡಗಿತು, ತಿಂಗಳು ಕಳೆದ ಮೇಲೆ ಮರಳಿತು. ಚೀಟಿಯ ಮೂಲೆಯಲ್ಲಿ ಬರೆದ ತೂಕವನ್ನು ಮಾತ್ರ ಯಾರೂ ಸಾಲಾಗಿ ಓದಿರಲಿಲ್ಲ: 3.9 ಕೆಜಿ, 4.1, 4.3, ಈಗ 4.5. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ. ನಾಯಿ ತಟ್ಟೆಯ ಮುಂದೆ ಕೂತು ಕೇಳುತ್ತದೆ. ಹುಷಾರಿಲ್ಲದ ಜೀವ ಊಟ ಕೇಳುತ್ತಿದೆಯಲ್ಲ ಎಂದು ಮನೆಯವರು ಪ್ರೀತಿಯಿಂದಲೇ ಹಾಕುತ್ತಾರೆ. ಏರಿದ ತೂಕ ಉಸಿರಾಟವನ್ನು ಒತ್ತುತ್ತದೆ, ಕೆಮ್ಮು ಮರಳುತ್ತದೆ, ಮತ್ತೆ ಸ್ಟೀರಾಯ್ಡ್. ಎರಡು ವರ್ಷದ ಹರೆಯದಲ್ಲಿ ಈ ನಾಯಿ 3.5 ಕೆಜಿ ಇತ್ತು. ಒಂದು ಕೆಜಿ ಎಂದರೆ ನಮಗೆ ಏನೂ ಅಲ್ಲ. ಈ ನಾಯಿಗೆ ಅದು 60 ಕೆಜಿಯ ಮನುಷ್ಯ 77 ಕೆಜಿ ಆದಂತೆ.

ಕೆಮ್ಮಿನ ಸದ್ದೇ ಅರ್ಧ ರೋಗನಿರ್ಣಯ. ಒಣಗಿದ, ಗಡುಸಾದ, ಹೆಬ್ಬಾತು ಕೂಗಿದಂಥ ಸದ್ದು. ಐದಾರು ಸಲ ಸರಣಿಯಾಗಿ ಬಂದು, ಕೊನೆಯಲ್ಲಿ ವಾಕರಿಸಿ ಚೂರು ಬಿಳಿ ನೊರೆ ಉಗುಳುತ್ತದೆ. ಆ ಕೊನೆಯ ವಾಕರಿಕೆಯಿಂದಲೇ "ಏನೋ ಸಿಕ್ಕಿಕೊಂಡಿದೆ" ಎನ್ನಿಸುವುದು. ಬರುವ ಹೊತ್ತುಗಳೂ ಗೊತ್ತಿದ್ದವೇ: ಬೆಲ್ಟ್ ಎಳೆದಾಗ, ಬಾಗಿಲ ಗಂಟೆಗೆ ಬೊಗಳಿದಾಗ, ನೀರು ಕುಡಿದ ಮೇಲೆ, ಮಧ್ಯಾಹ್ನದ ಸೆಕೆಯಲ್ಲಿ. ಆಸ್ಪತ್ರೆಯ ಮೇಜಿನ ಮೇಲೆ ಭಯಕ್ಕೆ ನಾಯಿ ಕೆಮ್ಮುವುದೇ ಇಲ್ಲ, ಹಾಗಾಗಿ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ತರಲು ಹೇಳಬೇಕು. ಈ ಮನೆಯವರ ವಿಡಿಯೋದಲ್ಲಿ ಎರಡು ಬೇರೆ ಸದ್ದುಗಳಿದ್ದವು. ಒಂದು ಮೇಲೆ ಹೇಳಿದ ಕೆಮ್ಮು. ಇನ್ನೊಂದರಲ್ಲಿ ನಾಯಿ ಕತ್ತು ಚಾಚಿ, ಮೊಣಕೈ ಅಗಲಿಸಿ ನಿಂತು, ಮೂಗಿನಿಂದ ಗೊರಗೊರ ಎಂದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಇದು ಹಿಮ್ಮುಖ ಸೀನು. ಸಣ್ಣ ತಳಿಗಳಲ್ಲಿ ಸಾಮಾನ್ಯ, ಅರ್ಧ ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಎರಡನ್ನೂ ಒಂದೇ ಎಂದು ಎಣಿಸಿದರೆ ಚಿಕಿತ್ಸೆ ಫಲಿಸುತ್ತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ನಾಯಿಯ ಶ್ವಾಸನಾಳವನ್ನು ತೆರೆದಿಡುವುದು ಇಂಗ್ಲಿಷಿನ 'ಸಿ' ಅಕ್ಷರದ ಆಕಾರದ 35ರಿಂದ 45 ಮೃದ್ವಸ್ಥಿ ಉಂಗುರಗಳು. ಉಂಗುರದ ಬೆನ್ನಿನ ಕಡೆಯ ಬಾಯನ್ನು ತೆಳುವಾದ ಸ್ನಾಯುಪೊರೆ ಮುಚ್ಚಿರುತ್ತದೆ. ಯಾರ್ಕಿಯಂಥ ಪುಟ್ಟ ತಳಿಗಳಲ್ಲಿ ಈ ಮೃದ್ವಸ್ಥಿ ನೀರನ್ನು ಹಿಡಿದಿಡುವ ಅಂಶಗಳನ್ನು ಕಳೆದುಕೊಂಡು ಮೆತ್ತಗಾಗುತ್ತದೆ, ಉಂಗುರ ಚಪ್ಪಟೆಯಾಗುತ್ತದೆ, ಸಡಿಲವಾದ ಪೊರೆ ಒಳಕ್ಕೆ ಜೋಲುತ್ತದೆ. ಪೊರೆ ಎದುರು ಗೋಡೆಗೆ ತಾಗಿದಾಗ ಕೆಮ್ಮು, ಕೆಮ್ಮಿದಾಗ ಒಳಪದರಕ್ಕೆ ಉರಿ, ಉರಿಯಿಂದ ಲೋಳೆ, ಲೋಳೆಯಿಂದ ಮತ್ತೆ ಕೆಮ್ಮು. ಕುಸಿತವನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ: ನಾಳದ ಒಳಜಾಗ ಶೇ 25 ಕಿರಿದಾದರೆ ಒಂದನೇ ಹಂತ, 50ಕ್ಕೆ ಎರಡು, 75ಕ್ಕೆ ಮೂರು, ಪೂರ್ತಿ ಮುಚ್ಚಿದರೆ ನಾಲ್ಕು.

ಹಿಂದೆ ತೆಗೆಸಿದ್ದ ಎಕ್ಸ್‌ರೇ "ನಾರ್ಮಲ್" ಎಂದಿತ್ತು. ಅದು ಎದೆಯದು ಮಾತ್ರ, ಅದೂ ಒಂದೇ ಚಿತ್ರ. ಕುತ್ತಿಗೆಯ ಭಾಗದ ನಾಳ ಉಸಿರು ಎಳೆದಾಗ ಕುಸಿಯುತ್ತದೆ, ಎದೆಯೊಳಗಿನ ಭಾಗ ಉಸಿರು ಬಿಟ್ಟಾಗ. ಆದ್ದರಿಂದ ಕುತ್ತಿಗೆ ಮತ್ತು ಎದೆ ಎರಡೂ ಸೇರುವಂತೆ ಪಕ್ಕದಿಂದ, ಉಸಿರು ಒಳಗಿದ್ದಾಗ ಒಂದು, ಹೊರಗಿದ್ದಾಗ ಒಂದು ಚಿತ್ರ ಬೇಕು. ಹಾಗೆ ತೆಗೆದಾಗ ಕುತ್ತಿಗೆ ಎದೆಗೆ ಸೇರುವ ಜಾಗದಲ್ಲಿ ನಾಳ ಸುಮಾರು ಅರ್ಧಕ್ಕೆ ಇಳಿದಿದ್ದು ಕಂಡಿತು. ಈ ವಯಸ್ಸಿನ ಪುಟ್ಟ ನಾಯಿಯಲ್ಲಿ ಹೃದಯದ ಕವಾಟದ ಕಾಯಿಲೆಯನ್ನೂ ತಳ್ಳಿಹಾಕಲೇಬೇಕು, ಹಿಗ್ಗಿದ ಎಡ ಹೃತ್ಕರ್ಣ ಶ್ವಾಸನಾಳದ ಕವಲನ್ನು ಒತ್ತಿ ಇಂಥದೇ ಕೆಮ್ಮು ತರಬಲ್ಲದು. ಇಲ್ಲಿ ಎದೆಬಡಿತದಲ್ಲಿ ಮರ್ಮರವಿರಲಿಲ್ಲ, ಹೃದಯದ ಗಾತ್ರ ಸರಿಯಿತ್ತು, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 22. ಗಾಢ ನಿದ್ದೆಯಲ್ಲಿ ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರಾಯಿತು. 30ರ ಒಳಗಿದ್ದರೆ ನಿಶ್ಚಿಂತೆ.

ತೂಕ

ಔಷಧಿಗಿಂತ ಮೊದಲು ತಟ್ಟೆಯ ಲೆಕ್ಕ ಬರೆಸಲಾಯಿತು. ಒಣ ಆಹಾರ 45 ಗ್ರಾಂ, ಸುಮಾರು 170 ಕ್ಯಾಲರಿ. ಬೆಳಗಿನ ಕಾಫಿಯ ಹೊತ್ತಿಗೆ ಮೂರು ಮಾರಿ ಬಿಸ್ಕತ್ತು, 66. ರಾತ್ರಿ ತುಪ್ಪ ಸವರಿದ ಅರ್ಧ ಚಪಾತಿ, 60ರ ಮೇಲೆ. ಅಜ್ಜಿಯ ಕೈತುತ್ತಿನ ಮೊಸರನ್ನ ಮೂರು ಚಮಚ, 45. ಒಟ್ಟು 340ರ ಆಸುಪಾಸು. ಒಬ್ಬೊಬ್ಬರು ಕೊಡುತ್ತಿದ್ದುದೂ ಚೂರೇ, ನಾಲ್ಕು ಜನರ ಚೂರುಗಳು ಸೇರಿದರೆ ಇನ್ನೊಂದು ಪೂರ್ತಿ ಊಟ.

ಇಳಿದು ತಲುಪಬೇಕಾದ ತೂಕ 3.4 ಕೆಜಿ ಎಂದು ಇಟ್ಟುಕೊಂಡು, ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದ ಶಕ್ತಿಯ ಸೂತ್ರ ಹಾಕಿದರೆ (ತೂಕದ 0.75 ಘಾತವನ್ನು 70ರಿಂದ ಗುಣಿಸುವುದು) 175 ಕ್ಯಾಲರಿ ಬರುತ್ತದೆ. ತೂಕ ಇಳಿಸುವ ಒಣ ಆಹಾರ, 100 ಗ್ರಾಂಗೆ 330 ಕ್ಯಾಲರಿ ಇರುವುದು, ದಿನಕ್ಕೆ 45 ಗ್ರಾಂ. ಅದರ ಮೇಲೆ ಉಪ್ಪಿಲ್ಲದೆ ಬೇಯಿಸಿದ ಬೀನ್ಸ್ 30 ಗ್ರಾಂ, ಕ್ಯಾರೆಟ್ 20 ಗ್ರಾಂ. ಇದ್ದ ಆಹಾರವನ್ನೇ ಅರ್ಧ ಮಾಡಿದರೆ ಕ್ಯಾಲರಿ ಜೊತೆ ಪ್ರೋಟೀನೂ ಅರ್ಧವಾಗಿ, ಕೊಬ್ಬಿನ ಬದಲು ಸ್ನಾಯು ಕರಗುತ್ತದೆ. ಆಹಾರವನ್ನೇ ಬದಲಿಸಿದ್ದು ಅದಕ್ಕೆ. ಲೋಟದ ಅಳತೆ ಇಷ್ಟು ಸಣ್ಣ ನಾಯಿಗೆ ನಡೆಯದು, ಹತ್ತು ಕಾಳು ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲೇ ತೂಗಬೇಕು.

ಅಜ್ಜಿಗೆ "ಏನೂ ಕೊಡಬೇಡಿ" ಎಂದರೆ ಆಗದ ಮಾತು, ಆಗಲೂ ಬಾರದು. ಆ ತುತ್ತಿನಲ್ಲಿರುವ ನಂಟು ಆ ನಾಯಿಗೂ ಬೇಕು. ಅದಕ್ಕೆ ಒಂದು ಸ್ಟೀಲ್ ಡಬ್ಬಿ ಗೊತ್ತುಮಾಡಲಾಯಿತು. ಬೆಳಿಗ್ಗೆ ಇಡೀ ದಿನದ ಆಹಾರ ತೂಗಿ ಡಬ್ಬಿಗೆ. ಯಾರು ಏನು ಕೊಡುವುದಿದ್ದರೂ ಅದರಿಂದಲೇ, ಡಬ್ಬಿ ಖಾಲಿಯಾದರೆ ದಿನ ಮುಗಿಯಿತು. ಅಜ್ಜಿಯ ಪಾಲಿಗೆ ಸಂಜೆ ಹತ್ತು ಕಾಳು, ಒಂದೊಂದಾಗಿ, ಕೈಯಿಂದಲೇ. ಮೊದಲೆರಡು ದಿನ ನಾಯಿ ಅಜ್ಜಿಯ ಬೆರಳು ಮೂಸಿ, ಮೊಸರಿಗಾಗಿ ಹಿಂದೆ ನೋಡಿ, ಆಮೇಲೆ ಕಾಳು ತೆಗೆದುಕೊಂಡಿತು. ಮೂರನೇ ದಿನದಿಂದ ಅದೇ ಹೊತ್ತಿಗೆ ಬಂದು ಅಜ್ಜಿಯ ಕಾಲ ಬಳಿ ಕೂರತೊಡಗಿತು.

ಪ್ರತಿ ಭಾನುವಾರ ತಿಂಡಿಗೆ ಮೊದಲು ತರಕಾರಿಯ ಪ್ಲಾಸ್ಟಿಕ್ ಬುಟ್ಟಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಯಿಯನ್ನು ಕೂರಿಸಿ ತೂಕ ನೋಡುವುದು. ಮನುಷ್ಯರ ತೂಕದ ಯಂತ್ರದಲ್ಲಿ ನಾಯಿಯನ್ನು ಎತ್ತಿಕೊಂಡು ನಿಂತು ಕಳೆಯುವ ಲೆಕ್ಕ ಇಲ್ಲಿ ಪ್ರಯೋಜನವಿಲ್ಲ, ನೋಡಬೇಕಾದ ವ್ಯತ್ಯಾಸವೇ ವಾರಕ್ಕೆ 45 ಗ್ರಾಂ, ಅಂದರೆ ಶೇ 1. ಶೇ 2ಕ್ಕಿಂತ ವೇಗವಾಗಿ ಇಳಿಸಬಾರದು.

ಐದು ವಾರ ಸರಿಯಾಗಿ ಇಳಿಯಿತು. ಆರರಿಂದ ಎಂಟನೇ ವಾರ ಮುಳ್ಳು ಅಲುಗಲಿಲ್ಲ. ಡಬ್ಬಿ ಸರಿಯಿದೆ, ಎಲ್ಲರೂ ಆಣೆ ಮಾಡಿ ಹೇಳುತ್ತಿದ್ದಾರೆ. ಕೊನೆಗೆ ಸಿಕ್ಕಿದ್ದು ಮಾತ್ರೆಯಲ್ಲಿ! ಆ ವಾರಗಳಲ್ಲಿ ಥಿಯೋಫಿಲಿನ್ ಎಂಬ ಶ್ವಾಸಕವಲುಗಳನ್ನು ಹಿಗ್ಗಿಸುವ ಮಾತ್ರೆಯನ್ನು ದಿನಕ್ಕೆರಡು ಸಲ ಪ್ರಯೋಗಕ್ಕೆ ಕೊಡಲಾಗುತ್ತಿತ್ತು. ಮಾತ್ರೆ ನುಂಗಿಸಲು ಹತ್ತು ಹತ್ತು ಗ್ರಾಂ ಪನೀರ್. ಎರಡು ತುಂಡಿಗೆ ಸುಮಾರು 60 ಕ್ಯಾಲರಿ, ದಿನದ ಆಹಾರದ ಮೂರನೇ ಒಂದು ಭಾಗ. ಔಷಧಿಯ ಜೊತೆ ಹೋಗುವುದನ್ನು ಯಾರೂ ತಿಂಡಿ ಎಂದು ಎಣಿಸುವುದಿಲ್ಲ. ಡಬ್ಬಿಯ ನಾಲ್ಕು ಕಾಳನ್ನೇ ನೀರಲ್ಲಿ ನೆನೆಸಿ ಹಿಸುಕಿ ಉಂಡೆ ಮಾಡಿದರೆ ಮಾತ್ರೆ ಅದರಲ್ಲೂ ಅಡಗುತ್ತದೆ. ಥಿಯೋಫಿಲಿನ್‌ನಿಂದ ಕೆಮ್ಮಿನ ಎಣಿಕೆ ಬದಲಾಗಲಿಲ್ಲ, ನಾಯಿ ರಾತ್ರಿ ಮಲಗದೆ ಓಡಾಡುತ್ತಿತ್ತು. ಅದನ್ನು ನಿಲ್ಲಿಸಲಾಯಿತು.

ಕುತ್ತಿಗೆ

ಕುತ್ತಿಗೆಯ ಬೆಲ್ಟ್ ಮೊದಲ ದಿನವೇ ಬಿಚ್ಚಿಸಿದ್ದು ಮತ್ತೆ ಹಾಕಿಲ್ಲ. ಹೆಸರಿನ ಬಿಲ್ಲೆಯೂ ಹಾರ್ನೆಸ್‌ಗೆ, ಅಂದರೆ ಎದೆಗೆ ಕಟ್ಟುವ ಪಟ್ಟಿಗೆ ಹೋಯಿತು. ಹಾರ್ನೆಸ್ ಎಂದು ಮಾರುವುದೆಲ್ಲ ಒಂದೇ ಅಲ್ಲ. ಎದೆಗೆ ಅಡ್ಡವಾಗಿ ಒಂದೇ ಪಟ್ಟಿ ಬರುವವು, ನಾಯಿ ಎಳೆದಾಗ ಮೇಲಕ್ಕೆ ಜರುಗಿ ಗಂಟಲಿಗೇ ಕೂರುತ್ತವೆ. ಮುಂದಿನಿಂದ ನೋಡಿದರೆ ಕವಲುಕಡ್ಡಿಯಂತೆ ಎರಡು ಪಟ್ಟಿ ಹೆಗಲ ಮೇಲಿಂದ ಬಂದು ಎದೆಮೂಳೆಯ ಮೇಲೆ ಸೇರುವಂಥದು ಬೇಕು, ಹಗ್ಗ ಸಿಕ್ಕಿಸುವ ಕೊಂಡಿ ಬೆನ್ನಿನ ಮೇಲಿರಬೇಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಟೇಪಿನಲ್ಲಿ ಅಳೆದು ಕೊಳ್ಳಬೇಕು. ಈ ನಾಯಿಗೆ ಆಗ 40 ಸೆಂ.ಮೀ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಯಾರ್ಕಿಯ ಕೂದಲು ನಮ್ಮ ಕೂದಲಿನಂತೆ ನುಣುಪು, ಕೆಳಪದರ ಇಲ್ಲ. ಪಟ್ಟಿ ಉಜ್ಜಿದ ಕಂಕುಳಲ್ಲಿ ಎರಡೇ ದಿನದಲ್ಲಿ ಗಂಟು ಕಟ್ಟಿ ಚರ್ಮ ಕೆಂಪಾಗುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿ, ಸಣ್ಣ ಹಲ್ಲಿನ ಬಾಚಣಿಗೆ ಆಡಿಸಬೇಕು.

ಎತ್ತಿಕೊಳ್ಳುವಾಗಲೂ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಊಟದ ಬಟ್ಟಲನ್ನು ಎದೆಯ ಎತ್ತರಕ್ಕೆ ಏರಿಸಿದ್ದರಿಂದ ನೀರು ಕುಡಿದ ಮೇಲಿನ ಕೆಮ್ಮು ಈ ನಾಯಿಯಲ್ಲಿ ಕಡಿಮೆಯಾಯಿತು.

ಐದನೇ ವಾರ ಒಂದು ದಿನ ಇದ್ದಕ್ಕಿದ್ದಂತೆ 19 ಸಲ ಕೆಮ್ಮು. ಮನೆಯವರು ದಿನದ ಕೆಮ್ಮು ಎಣಿಸಿ ಬರೆದಿಡುತ್ತಿದ್ದ ಪುಸ್ತಕದಲ್ಲಿ ಆ ದಿನ ಬರೆದಿದ್ದು: "ಗ್ರೂಮಿಂಗ್, 11 ಗಂಟೆ." ಗ್ರೂಮಿಂಗ್ ಮೇಜಿನ ಕಂಬದಿಂದ ಇಳಿಬಿಟ್ಟ ಕುಣಿಕೆಯನ್ನು ನಾಯಿಯ ಕುತ್ತಿಗೆಗೇ ಹಾಕುತ್ತಾರೆ, ಅದು ಜಿಗಿಯದಿರಲಿ ಎಂದು. ಜೊತೆಗೆ ಬಿಸಿಗಾಳಿಯ ಡ್ರೈಯರ್. ಮನೆಯಲ್ಲಿ ಬೆಲ್ಟ್ ಬಿಡಿಸಿದ ನಾಯಿ ಅಲ್ಲಿ ಮುಕ್ಕಾಲು ಗಂಟೆ ಕುಣಿಕೆಯಲ್ಲಿ ನಿಂತಿತ್ತು. ಮುಂದಿನ ಸಲದಿಂದ ಕುಣಿಕೆಯನ್ನು ಹೊಟ್ಟೆಯ ಸುತ್ತ ಹಾಕಿಸಿ, ಡ್ರೈಯರ್ ತಣ್ಣನೆ ಗಾಳಿಗೆ ಇರಿಸಿ, ಮನೆಯವರೊಬ್ಬರು ಪಕ್ಕದಲ್ಲಿ ನಿಲ್ಲುವುದೆಂದಾಯಿತು. ಉದ್ದ ಕೂದಲನ್ನು ಮೈತುಂಬ ಎರಡು ಸೆಂ.ಮೀ.ಗೆ ಕತ್ತರಿಸಿದ್ದರಿಂದ ಸ್ನಾನ, ಒಣಗಿಸುವುದು ಎರಡೂ ಹತ್ತು ನಿಮಿಷಕ್ಕೆ ಇಳಿದವು. ನೆಲಕ್ಕೆ ತಾಗುವ ರೇಷ್ಮೆಗೂದಲು ಪ್ರದರ್ಶನಕ್ಕೆ ಚೆಂದ, ಕೆಮ್ಮುವ ನಾಯಿಗೆ ಭಾರ.

ಗಾಳಿ ಮತ್ತು ಬೊಗಳು

ಮನೆಯ ಹೊಗೆಗಳನ್ನು ಪಟ್ಟಿ ಮಾಡಿದಾಗ ಮನೆಯವರಿಗೇ ಆಶ್ಚರ್ಯ. ಬೆಳಿಗ್ಗೆ ಊದಿನಕಡ್ಡಿ, ಶುಕ್ರವಾರ ಸಾಂಬ್ರಾಣಿ, ಸಂಜೆ ಸೊಳ್ಳೆಬತ್ತಿ, ದಿನಾ ಒಣಮೆಣಸಿನಕಾಯಿ ಒಗ್ಗರಣೆ, ವಾರಕ್ಕೆರಡು ಸಲ ಫಿನಾಯಿಲ್. ನಾಯಿಯ ಮೂಗು ನೆಲದಿಂದ ಒಂದು ಗೇಣು ಎತ್ತರದಲ್ಲಿರುತ್ತದೆ, ಫಿನಾಯಿಲ್ ಹಾಕಿ ಒರೆಸಿದ ನೆಲ ಅದಕ್ಕೆ ಮುಖಕ್ಕೇ ಹಿಡಿದಂತೆ. ದೇವರ ಮುಂದೆ ಎಣ್ಣೆದೀಪ ಉಳಿಯಿತು, ಊದಿನಕಡ್ಡಿ ಬಾಲ್ಕನಿಯ ತುಳಸಿಕಟ್ಟೆಗೆ ಹೋಯಿತು. ಸೊಳ್ಳೆಗೆ ಕಿಟಕಿಯ ಜಾಲರಿ. ಒಗ್ಗರಣೆಯ ಹತ್ತು ನಿಮಿಷ ನಾಯಿ ಒಳಕೋಣೆಯಲ್ಲಿ, ಬಾಗಿಲು ಹಾಕಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ನೆಲಕ್ಕೆ ಬರೀ ನೀರು.

ಸೆಕೆ ಇನ್ನೊಂದು ಶತ್ರು. ನಾಯಿ ತನ್ನ ಮೈಯನ್ನು ತಣಿಸಿಕೊಳ್ಳುವುದು ಬಹುಪಾಲು ಏದುಸಿರಿನಿಂದ. ಏದುಸಿರು ಬಿಟ್ಟಷ್ಟೂ ಮೆತ್ತಗಿನ ನಾಳ ಕುಸಿಯುತ್ತದೆ, ಮೈ ತಣಿಯದೆ ಏದುಸಿರು ಇನ್ನೂ ಹೆಚ್ಚುತ್ತದೆ. ಏಪ್ರಿಲ್-ಮೇಯಲ್ಲಿ ವಾಕಿಂಗ್ ಬೆಳಿಗ್ಗೆ ಏಳರೊಳಗೆ 15 ನಿಮಿಷ, ರಾತ್ರಿ ಎಂಟರ ಮೇಲೆ 15 ನಿಮಿಷ, ನಾಯಿ ನಿಂತಲ್ಲಿ ನಿಲ್ಲುತ್ತ.

ಬೊಗಳುವುದನ್ನು ಗದರಿ ನಿಲ್ಲಿಸಲಾಗದು. ಈ ತಳಿ ಹುಟ್ಟಿದ್ದೇ 19ನೇ ಶತಮಾನದ ಯಾರ್ಕ್‌ಷೈರಿನ ಗಿರಣಿ ಊರುಗಳಲ್ಲಿ. ಸ್ಕಾಟ್ಲೆಂಡಿನಿಂದ ಕೆಲಸಕ್ಕೆ ಬಂದ ನೇಕಾರರು ತಂದ ಪುಟ್ಟ ಟೆರಿಯರ್‌ಗಳ ಸಂತಾನ, ಇಲಿ ಹಿಡಿಯುವ ಕಸುಬು. ತಳಿಯ ಮೂಲಪುರುಷ ಎನ್ನುವ ಹಡರ್ಸ್‌ಫೀಲ್ಡ್ ಬೆನ್ ಹುಟ್ಟಿದ್ದು 1865ರಲ್ಲಿ. ಸದ್ದು ಕೇಳಿದರೆ ನುಗ್ಗುವುದು ರಕ್ತದಲ್ಲೇ ಇದೆ. ಬಾಗಿಲ ಗಂಟೆಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಾಯಿ ಕಿವಿಯಷ್ಟೇ ನಿಮಿರಿಸುವ ಮಟ್ಟಕ್ಕೆ ಸದ್ದು ತಗ್ಗಿಸಿ ಕೇಳಿಸುವುದು, ಕೇಳಿದ ಕೂಡಲೇ ಚಾಪೆಯ ಮೇಲೆ ಒಂದು ಕಾಳು ಇಡುವುದು. ದಿನಕ್ಕೆ ಎರಡು ಸಲ, ಪ್ರತಿ ಸಲ ಐದೇ ಬಾರಿ ಗಂಟೆಯ ಸದ್ದು. ಬೊಗಳಿತೆಂದರೆ ಸದ್ದು ಹೆಚ್ಚಾಯಿತೆಂದು ಅರ್ಥ, ಹಿಂದಿನ ಮಟ್ಟಕ್ಕೆ ಇಳಿಸಬೇಕು. ಆರು ವಾರ ಹಿಡಿಯಿತು. ಬಾಲ್ಕನಿಯ ಪಾರಿವಾಳಗಳಿಗೆ ಮಾತ್ರ ಯಾವ ತರಬೇತಿಯೂ ಫಲಿಸಲಿಲ್ಲ. ಗಾಜಿನ ಕೆಳಗಿನ ಎರಡಡಿಗೆ ಮಂಜುಬಣ್ಣದ ಹಾಳೆ ಅಂಟಿಸಿದ ಮೇಲೆ ಕಾಣುವುದೇ ನಿಂತು ಕೂಗೂ ನಿಂತಿತು.

ಔಷಧಿ, ಹಲ್ಲು, ಸ್ಟೆಂಟ್

ಇಷ್ಟರ ಮೇಲೆ ಔಷಧಿ ಮಿತವಾಗಿ ಸಾಕಾಯಿತು. ಮೊದಲ ಏಳು ದಿನ ಪ್ರೆಡ್ನಿಸೊಲೋನ್ 2.5 ಮಿ.ಗ್ರಾಂ, ಇನ್ನೊಂದು ವಾರ ದಿನ ಬಿಟ್ಟು ದಿನ, ಅಲ್ಲಿಗೆ ನಿಲುಗಡೆ. ಈ ಸಲ ಡಬ್ಬಿಯ ಕಟ್ಟು ಇದ್ದುದರಿಂದ ತೂಕ ಏರಲಿಲ್ಲ. ಜೊತೆಗೆ ವೈದ್ಯರ ಚೀಟಿಯ ಮೇಲೆ ಕೊಡೀನ್ ಕುಟುಂಬದ ಕೆಮ್ಮು ತಡೆಯುವ ಔಷಧಿ ಮೂರು ವಾರ ತಪ್ಪದೆ, ಆಮೇಲೆ ಬೇಕೆನಿಸಿದಾಗ. ಕೆಮ್ಮು, ಉರಿ, ಲೋಳೆಯ ಸುತ್ತನ್ನು ಕಡಿಯುವುದು ಅದರ ಕೆಲಸ. ಮಂಪರು, ಮಲಬದ್ಧತೆ ತರುತ್ತದೆ. ಈ ಪ್ರಮಾಣಗಳು ಈ ನಾಯಿಯವು, ಇನ್ನೊಂದಕ್ಕೆ ಹಾಕುವಂತಿಲ್ಲ. ನಮ್ಮ ಕೆಮ್ಮಿನ ಸಿರಪ್ಪಂತೂ ಬೇಡವೇ ಬೇಡ. ಕೆಲವದರಲ್ಲಿ ಪ್ಯಾರಾಸಿಟಮಾಲ್, ಮೂಗುಕಟ್ಟಿದ್ದನ್ನು ಬಿಡಿಸುವ ಔಷಧಿ, ಸಕ್ಕರೆ ಇಲ್ಲದವುಗಳಲ್ಲಿ ಕೆಲವೊಮ್ಮೆ ಕ್ಸೈಲಿಟಾಲ್ ಎಂಬ ಸಿಹಿವಸ್ತು ಇರುತ್ತವೆ, ಇಷ್ಟು ಪುಟ್ಟ ದೇಹಕ್ಕೆ ಒಂದು ಚಮಚವೂ ಅಪಾಯ.

ಆಗಸ್ಟ್‌ನಲ್ಲಿ, ತೂಕ 3.8ಕ್ಕೆ ಇಳಿದ ಮೇಲೆ, ಹಲ್ಲು ಶುಚಿ. ಯಾರ್ಕಿಗಳ ಪುಟ್ಟ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿದ್ದು ಒಸಡಿನ ರೋಗ ಬೇಗ ಹಿಡಿಯುತ್ತದೆ. ಈ ನಾಯಿಗಂತೂ ಉದುರದೆ ಉಳಿದ ಹಾಲಿನ ಕೋರೆಹಲ್ಲೊಂದು ಹೊಸ ಕೋರೆಯ ಪಕ್ಕದಲ್ಲೇ ನಿಂತಿತ್ತು. ಆರೇಳು ತಿಂಗಳ ಮರಿಯಲ್ಲೇ ತೆಗೆಸಬೇಕಾಗಿದ್ದದ್ದು. ಇಂಥ ನಾಯಿಯ ಅರಿವಳಿಕೆಯಲ್ಲಿ ಎರಡು ಎಚ್ಚರ: ಉಸಿರಿಗಾಗಿ ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ಗಾಳಿಚೀಲವನ್ನು ಸೋರಿಕೆ ನಿಲ್ಲುವಷ್ಟೇ ತುಂಬುವುದು, ಮಗ್ಗುಲು ಬದಲಿಸುವಾಗ ಕೊಳವೆಯನ್ನು ಯಂತ್ರದಿಂದ ಬಿಡಿಸಿಕೊಳ್ಳುವುದು. ಇಲ್ಲದಿದ್ದರೆ ನಾಳವೇ ಹರಿಯಬಹುದು. ಅದೇ ಅರಿವಳಿಕೆಯಲ್ಲಿ, ಕೊಳವೆ ಹಾಕುವ ಮೊದಲು, ನಾಳದೊಳಕ್ಕೆ ದುರ್ಬೀನು (ಎಂಡೋಸ್ಕೋಪ್) ಇಳಿಸಿ ನೋಡಿದಾಗ ಕುಸಿತ ಎರಡಲ್ಲ, ಮೂರನೇ ಹಂತ ಎಂದು ತಿಳಿಯಿತು. ಎಕ್ಸ್‌ರೇ ಹೀಗೆ ಕಡಿಮೆ ತೋರಿಸುವುದುಂಟು.

ಹಾಗಾದರೆ ಸ್ಟೆಂಟ್ ಹಾಕಿಸೋಣವೇ ಎಂದು ಮನೆಯವರು ಕೇಳಿದರು. ನಿಟಿನಾಲ್ ಲೋಹದ ಜಾಲರಿ ನಾಳವನ್ನು ಕೂಡಲೇ ತೆರೆಯುತ್ತದೆ, ಆದರೆ ವರ್ಷಗಳ ಕೆಮ್ಮಿಗೆ ಅದು ಮುರಿಯಬಹುದು, ಜರುಗಬಹುದು, ಒಳಗೆ ಮಾಂಸ ಬೆಳೆದು ಮತ್ತೆ ಮುಚ್ಚಬಹುದು. ಕೆಮ್ಮು ಪೂರ್ತಿ ನಿಲ್ಲುವುದೂ ಇಲ್ಲ. 1994ರಲ್ಲಿ ಪ್ರಕಟವಾದ ಬ್ರಿಟನ್ನಿನ 100 ನಾಯಿಗಳ ಅಧ್ಯಯನದಲ್ಲಿ 71 ನಾಯಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ವರ್ಷಕ್ಕೂ ಮೇಲೆ ನೆಮ್ಮದಿಯಾಗಿದ್ದವು. ಹಂತದ ಸಂಖ್ಯೆಗಿಂತ ನಾಯಿ ಹೇಗೆ ಬದುಕುತ್ತಿದೆ ಎಂಬುದು ಮುಖ್ಯ. ಆ ವಾರದ ಎಣಿಕೆ ದಿನಕ್ಕೆ ಮೂರು. ಸ್ಟೆಂಟ್ ಬೇಡವೆಂದಾಯಿತು.

ದೀಪಾವಳಿ

ಹಬ್ಬದ ಮೂರನೇ ರಾತ್ರಿ ಎಲ್ಲ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿದ್ದರೂ ಎಣಿಕೆ 22ಕ್ಕೆ ಏರಿತು. ಒಂದು ಸರಣಿಯಲ್ಲಿ ನಾಲಗೆ ನೀಲಿಗೆ ತಿರುಗಿತು. ಹೊಗೆಯನ್ನು ತಡೆಯಲು ಯೋಚಿಸಿದ್ದರು, ಪಟಾಕಿಯ ಸದ್ದಿಗೆ ಎರಡು ಗಂಟೆ ಎಡೆಬಿಡದೆ ಬೊಗಳುವುದನ್ನು ಯೋಚಿಸಿರಲಿಲ್ಲ. ಮನೆಯವರು ಮಾಡಿದ್ದು ಸರಿಯಾಗಿತ್ತು: ಎತ್ತಿ ಅವುಚಿಕೊಳ್ಳದೆ ತಣ್ಣನೆ ಕೋಣೆಯಲ್ಲಿ ನೆಲದ ಮೇಲೆ ಬಿಟ್ಟರು, ಫ್ಯಾನ್ ಹಾಕಿದರು, ದೀಪ ಆರಿಸಿದರು, ಬಾಯಿಗೆ ನೀರು ಜೇನು ಏನೂ ಹಾಕಲಿಲ್ಲ, ಗಂಟಲಿಗೆ ಬೆರಳಿಡಲಿಲ್ಲ. ಬಣ್ಣ ಅರ್ಧ ನಿಮಿಷದಲ್ಲಿ ಗುಲಾಬಿಗೆ ಮರಳಿದರೂ ಕಾಯದೆ, ಕಾರಿನ ಎಸಿ ಹಾಕಿಕೊಂಡು ಆಮ್ಲಜನಕ ಇರುವ ಆಸ್ಪತ್ರೆಗೆ ಹೋದರು. ನೀಲಿ ನಾಲಗೆ, ಎಚ್ಚರ ತಪ್ಪುವುದು, ಹೊಟ್ಟೆ ಎಳೆದುಕೊಂಡು ಉಸಿರಾಡುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನಬಾರದು. ಐದು ದಿನ ಸ್ಟೀರಾಯ್ಡ್, ಕೆಮ್ಮಿನ ಔಷಧಿ ಮತ್ತೆ ತಪ್ಪದೆ, ಹತ್ತನೇ ದಿನಕ್ಕೆ ಎಣಿಕೆ ಮೂರಕ್ಕೆ ಬಂತು. ಮುಂದಿನ ಹಬ್ಬಕ್ಕೆ ಭಯ ತಗ್ಗಿಸುವ ಮಾತ್ರೆಯನ್ನು ವೈದ್ಯರು ಮೊದಲೇ ಬರೆದಿದ್ದಾರೆ. ಅದನ್ನು ಹಬ್ಬಕ್ಕೆ ವಾರ ಮೊದಲು, ಸದ್ದಿಲ್ಲದ ಒಂದು ಸಂಜೆ ಕೊಟ್ಟು ನೋಡಿ, ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಪಟಾಕಿ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ.

ಸಂಕ್ರಾಂತಿಯ ಹೊತ್ತಿಗೆ ತೂಕ 3.5 ಕೆಜಿ, ಪಕ್ಕೆಲುಬು ಬೆರಳಿಗೆ ಸಿಗುತ್ತಿವೆ, ಕೆಮ್ಮು ದಿನಕ್ಕೆ ಒಂದೆರಡು. ಎದೆಯ ಸುತ್ತಳತೆ 35 ಸೆಂ.ಮೀ.ಗೆ ಇಳಿದು ಹಳೆಯ ಹಾರ್ನೆಸ್ ಸಡಿಲವಾಗಿತ್ತು, ಪಟ್ಟಿ ಗಂಟಲಿನತ್ತ ಜರುಗುತ್ತಿದ್ದುದು ಕಂಡು ಸಣ್ಣದು ತರಲಾಯಿತು. ಆಹಾರ ಈಗ 52 ಗ್ರಾಂ. ಪುಸ್ತಕ ಮುಚ್ಚಿಲ್ಲ. ಭಾನುವಾರಕ್ಕೊಂದು ಸಾಲು: ತೂಕ, ನಿದ್ದೆಯ ಉಸಿರು, ಆ ದಿನದ ಕೆಮ್ಮು. ಉಸಿರು 30 ದಾಟಿದರೆ, ಇಲ್ಲವೇ ಕೆಮ್ಮು ಮೂರು ದಿನ ಸತತ ಐದನ್ನು ದಾಟಿದರೆ, ಆ ಪುಸ್ತಕ ಹಿಡಿದುಕೊಂಡೇ ಆಸ್ಪತ್ರೆಗೆ.